ಬೆಳ್ಳಿ ಕರಡಿಗೆ

“ಕೊರಳಾಗಿಂದು ತೆಗೀರಿ ಅಜ್ಜಿ,” ಎಂದಳು ಸ್ಕ್ಯಾನ್ ಮಾಡುವ ಹುಡುಗಿ.

ನೀಲವ್ವ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಎಂಟನೆಯ ವಯಸ್ಸಿನಲ್ಲಿ ಗುರುಗಳು ಕಟ್ಟಿದ ಇಷ್ಟಲಿಂಗ ಅದರೊಳಗಿತ್ತು. ಅರವತ್ತು ವರ್ಷ ಅದು ಮೈ ಬಿಟ್ಟಿರಲಿಲ್ಲ.

“ಇದನ್ನ ತೆಗೆದ್ರ ಜೀವಾನ ತೆಗೆದಂಗ, ತಂಗಿ. ಎಕ್ಸ್‌ರೇದಾಗ ನೋಡ್ರಲಾ.”

“ಎಕ್ಸ್‌ರೇದಾಗ ಎಲುಬು ಕಾಣ್ತಾವ್ರೀ, ಮಿದುಳಿನ ಗಡ್ಡಿ ಕಾಣಂಗಿಲ್ಲ. ಇದು ಎಂಆರ್‌ಐ. ಒಳಗಿರೋದು ದೊಡ್ಡ ಅಯಸ್ಕಾಂತ. ಲೋಹದ್ದು ಏನೂ ಒಯ್ಯಂಗಿಲ್ಲ.”

ಬಾಗಿಲಾಚೆ ಯಂತ್ರದ ದುಂಡನೆಯ ಬಾಯಿ ಕಾಣುತ್ತಿತ್ತು. ಗಡ್ಡೆ ಎಲ್ಲಿಯವರೆಗೆ ಹಬ್ಬಿದೆಯೆಂದು ನೋಡದೆ ಆಪರೇಷನ್ ಆಗದು ಎಂದು ಡಾಕ್ಟರು ಹೇಳಿದ್ದರು. ನೀಲವ್ವನ ಎಡಗಣ್ಣು ಆಗಲೇ ಮಂಜಾಗಿತ್ತು.

“ಯವ್ವಾ, ಹಟಾ ಮಾಡಬ್ಯಾಡ. ಅರ್ಧಾ ತಾಸು ನಾ ಹಿಡ್ಕೊಂಡಿರ್ತೀನಿ,” ಎಂದು ಜೊತೆಗೆ ಬಂದಿದ್ದ ಮಗಳು ಅಳತೊಡಗಿದಳು.

“ಆ ಅರ್ಧಾ ತಾಸಿನಾಗ ನಾ ಸತ್ತರ?” ನೀಲವ್ವ ಹುಡುಗಿಯ ಕಡೆ ತಿರುಗಿದಳು. “ಮಿಷನ್ ನಡಸಾಕಿ ನೀ, ನಿನಗೇನ್ ತಿಳೀತದ ನನ್ನ ಸಂಕಟ? ಲಿಂಗಿಲ್ಲದ ಮೈ ಹೆಣ ಅಂತ ನಿನಗ್ಯಾರು ಹೇಳ್ಯಾರ?”

ಹುಡುಗಿ ಹೊರಬಾಗಿಲು ಮುಚ್ಚಿ, ತನ್ನ ಅಂಗಿಯ ಕೊರಳಿನೊಳಗಿಂದ ಒಂದು ದಾರವನ್ನು ಮೆಲ್ಲಗೆ ಹೊರಗೆಳೆದಳು. ಅದರ ತುದಿಯಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟಿತ್ತು.

“ದಿನಕ್ಕ ಇಪ್ಪತ್ತು ಸಲ ಈ ಖೋಲಿಗೆ ಹೋಗ್ತೀನ್ರೀ ಅಜ್ಜಿ. ಬೆಳ್ಳಿ ಅಷ್ಟ ತೆಗೀರಿ; ನನ್ನ ಲಿಂಗಾನೂ ಅರಿವಿ ಗಂಟಿನ್ಯಾಗನ ಐತಿ.”