ಆಸ್ಪತ್ರೆಯ ಕಿಟಕಿಯ ಗಿಡಗಳು

“ಚೀಲ ಬಿಡಿ ತಾತ. ಬಿಡಿ ಅಂದೆ!”

ನರ್ಸ್ ಜಿಪರ ಅವನ ಚೀಲದ ಹಿಡಿಕೆ ಹಿಡಿದು ಎಳೆದಳು. ಮುದುಕ ಬಿಡಲಿಲ್ಲ. ಡಾಕ್ಟರ ಬಾಗಿಲ ಮುಂದೆ ಸರದಿಯಲ್ಲಿ ಕೂತಿದ್ದವರೆಲ್ಲ ಕತ್ತು ಹೊರಳಿಸಿದರು.

ನಾರಿನ್ ಊರಿನ ಈ ಸಣ್ಣ ಆಸ್ಪತ್ರೆಗೆ ಜಿಪರ ನರ್ಸಾಗಿ ಬಂದದ್ದು ಹೊಸ ವರ್ಷ ಕಳೆದ ಮೇಲೆ. ಹೊರಗೆ ನದಿಯೂ ಹೆಪ್ಪುಗಟ್ಟಿದ ಚಳಿ. ಒಳಗೆ, ಕಟ್ಟಡವನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳ ಮೇಲಿನ ಅಗಲ ಕಿಟಕಿಯಲ್ಲಿ ಅವಳು ಬಂದ ಕೆಲವೇ ವಾರಗಳಲ್ಲಿ ಒಂದು ಕಾಡೇ ಬೆಳೆದಿತ್ತು. ತೂತೆಲೆಯ ಮಾನ್‌ಸ್ಟೆರಾ, ಬಣ್ಣದ ಕ್ರೋಟನ್, ಹಬ್ಬಿದ ಮನಿ ಪ್ಲಾಂಟ್. “ಎಲ್ಲ ನಿನ್ನ ಕೈಗುಣ,” ಎಂದರು ದೊಡ್ಡ ಡಾಕ್ಟರು. ಅವಳು ಮಾಡಿದ್ದು ಆಗೀಗ ನೀರು ಹೊಯ್ದದ್ದಷ್ಟೆ. ಆದರೂ ಅಲ್ಲ ಎನ್ನಲಿಲ್ಲ.

ಆಮೇಲೆ ಚಿಗುರುಗಳು ಮಾಯವಾಗತೊಡಗಿದವು. ಕದ್ದ ಕಡ್ಡಿ ಬೇಗ ಬೇರು ಬಿಡುತ್ತದೆಂದು ಊರಿಗೆ ಊರೇ ನಂಬುತ್ತದೆ. ಡಾಕ್ಟರು ಅವಳನ್ನು ಗದರಿದರು. ಜಿಪರ ಕಾಯತೊಡಗಿದಳು.

ಕಣ್ಣಿಗೆ ಬಿದ್ದವನು ಈ ಮುದುಕ. ಹೆಸರು ಶೇರಾಲಿ, ಮನೆ ನದಿಯಾಚೆ, ಹೆಂಡತಿ ಮಾಸ್ಕೋದಲ್ಲಿ ಕೆಲಸಕ್ಕಿದ್ದಾಳೆ ಎಂದ ಕಾವಲುಗಾರ. ಚೀಟಿ ಮಾಡಿಸುವುದಿಲ್ಲ, ಡಾಕ್ಟರನ್ನು ನೋಡುವುದಿಲ್ಲ. ಮೈಮೇಲೆ ಒಂದರ ಮೇಲೊಂದು ಎರಡು ಕೋಟು. ಜನಕ್ಕೆ ಬೆನ್ನು ಹಾಕಿ, ಕಿಟಕಿಗೆ ಮುಖಮಾಡಿ ನಿಂತು ತನ್ನಷ್ಟಕ್ಕೆ ಪಿಸುಗುಡುತ್ತಾನೆ. ಎಲೆ ಒರೆಸುತ್ತಾನೆ. ಹೊರಟುಹೋಗುತ್ತಾನೆ. ಅರೆಮರುಳನೆಂದುಕೊಂಡಿದ್ದಳು. ಇವತ್ತು ಚೀಲದ ಬಾಯಲ್ಲಿ ಹಸಿರು ಇಣುಕಿತ್ತು.

ಅವಳು ಮತ್ತೊಮ್ಮೆ ಎಳೆದಳು. ಉಣ್ಣೆ ಶಾಲಿನಲ್ಲಿ ಕೂಸಿನಂತೆ ಸುತ್ತಿದ್ದ ರಬ್ಬರ್ ಗಿಡ, ಕುಂಡದ ಸಮೇತ ಹೊರಬಂತು. ಎಲೆಯಂಚಿನ ಹಿಮ ಕರಗಿ ನೆಲಕ್ಕೆ ತೊಟ್ಟಿಕ್ಕಿತು.

“ನೋಡಿ! ಈ ವಯಸ್ಸಲ್ಲಿ ನಾಚ್ಕೆ ಆಗಲ್ವಾ?”

“ಬೇರೆಯವ್ರು ಕಡ್ಡಿ ಮುರೀತಾರೆ. ಇವ್ರು ಸಂಸಾರಾನೇ ಎತ್ಕೊಂಡು ಹೊರಟಿದ್ದಾರೆ!” ಎಂದಳು ಸರದಿಯಲ್ಲಿದ್ದ ಹೆಂಗಸೊಬ್ಬಳು. ಎಲ್ಲರೂ ನಕ್ಕರು.

ಮುದುಕನ ಕಿವಿ ಕೆಂಪಾಯಿತು. “ತಪ್ಪಾಯ್ತು ಮಗಳೇ,” ಎಂದ, ನೆಲ ನೋಡುತ್ತಾ.

“ಎಲ್ಲಿಂದ ತೆಗೆದ್ರೋ ಅಲ್ಲೇ ಇಡಿ.”

ಕಿಟಕಿಯಲ್ಲಿ ಅಂಗೈಯಗಲ ಜಾಗವಿರಲಿಲ್ಲ. ಅವನು ಎರಡು ಕುಂಡ ಸರಿಸಿ ಜಾಗ ಮಾಡಿ ಇಟ್ಟ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ತೆರೆಯ ಮೇಲೆ ಹೆಂಗಸೊಬ್ಬಳ ಚಿತ್ರ. ಅವನು ಗಾಬರಿಯಿಂದ ಅದನ್ನು ಜೇಬಿಗೆ ತುರುಕಲು ನೋಡಿದ.

“ಮನೆಯವ್ರಾ? ಕೊಡಿ ಇಲ್ಲಿ. ನಿಮ್ಮ ಗುಣ ಅವ್ರಿಗೂ ತಿಳೀಲಿ.”

“ಬೇಡ ಮಗಳೇ, ಕಾಲಿಗೆ ಬೀಳ್ತೀನಿ. ಪೊಲೀಸ್ರನ್ನ ಬೇಕಾದ್ರೆ ಕರಿ, ಅವಳಿಗೆ ಮಾತ್ರ…”

ಜಿಪರ ಫೋನು ಕಿತ್ತುಕೊಂಡು ವಿಡಿಯೊ ಒತ್ತಿಯೇಬಿಟ್ಟಳು. ತಲೆವಸ್ತ್ರ ಕಟ್ಟಿದ ಹೆಂಗಸು ಕಂಡಳು. ಹಿಂದೆ ಯಾವುದೋ ಮಾಸ್ಕೋ ಕಟ್ಟಡದ ಮೆಟ್ಟಿಲು, ಪಕ್ಕದಲ್ಲಿ ನೆಲ ಒರೆಸುವ ಬಕೆಟ್ಟು. ಜಿಪರ ಬಾಯಿ ತೆರೆಯುವ ಮೊದಲೇ ಆಕೆ ಅವಳ ಭುಜದಾಚೆ ನೋಡಿ ಅರಳಿದಳು.

“ಅಯ್ಯೋ ರೀ, ರಬ್ಬರ್ ಗಿಡಾನೂ ಕಿಟಕಿಗೆ ತಂದ್ರಾ! ನನ್ ಮಕ್ಕಳೆಲ್ಲ ಒಂದೇ ಕಡೆ ಸೇರಿದ್ವು ನೋಡಿ. ಮನೆ ಕಾಯಿಸೋ ಒಲೆ ಬಿರುಕು ಬಿಟ್ಟಿದೆ ಅಂದಾಗ ಕೆಲಸ ಬಿಟ್ಟು ಬಂದೇಬಿಡೋಣ ಅಂತಿದ್ದೆ. ರಿಪೇರಿ ಆಯ್ತು ಅಂತ ನೀವಂದ್ರೂ ನಂಬಿರ್ಲಿಲ್ಲ. ಮನೆ ಬೆಚ್ಚಗಿಲ್ದೆ ಇದ್ರೆ ಎಲೆ ಹೀಗಿರ್ತಿದ್ವಾ?” ಆಮೇಲೆ ಹುಬ್ಬು ಗಂಟಿಕ್ಕಿತು. “ಅದಿರ್ಲಿ, ನಮ್ಮನೇಲಿ ನಿಂತಿರೋ ಈ ಬಿಳಿ ಕೋಟಿನ ಹುಡುಗಿ ಯಾರು?”

ಸರದಿಯಲ್ಲಿ ಯಾರೂ ನಗಲಿಲ್ಲ. ಜಿಪರಳಿಗೆ ಮುದುಕನ ಮುಖ ನೋಡಲಾಗಲಿಲ್ಲ.

“ಪಕ್ಕದ್ಮನೆಯವಳು ಅಕ್ಕಾ,” ಎಂದಳು. “ನಿಮ್ಮ ಗಿಡಗಳನ್ನ ನೋಡೋಕೆ ಬಂದಿದ್ದೆ.”