ಬಾಣಂತಿಯ ಟಾನಿಕ್

ಹಿತ್ತಿಲಲ್ಲಿ ಕೂಸಿನ ಬಟ್ಟೆ ಹಿಂಡಿ ಹರವುತ್ತಿದ್ದ ಅಂಬುಜಾಳಿಗೆ ಕಣ್ಣು ಕತ್ತಲಿಟ್ಟಿತು. ಹಗ್ಗ ಹಿಡಿದು ನಿಂತಳು. ಅದೇ ಹೊತ್ತಿಗೆ ಒಳಗಿನಿಂದ ಅತ್ತೆ ನರಸಮ್ಮನವರ ದನಿ ಕೇಳಿಸಿತು: "ಅಂಬುಜಾ, ಆ ಬಟ್ಟೆ ಹಾಗೇ ಬಿಟ್ಟು ಬಾರೇ. ಸುಂದರೇಶ ತಂದಿಟ್ಟಿರೋ ಬಾಟ್ಲಿ ಸಮಾಚಾರ ಏನು ಅಂತ ನೋಡಿಬಿಡೋಣ."

ಅಂಬುಜಾ ಕೈಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಒಳಗೆ ನಡೆದಳು. ಎರಡನೆಯ ಹೆರಿಗೆಯಾದಾಗಿನಿಂದ ಅವಳಿಗೆ ನಿಂತರೆ ತಲೆಸುತ್ತು. ಮೈಯಲ್ಲಿ ರಕ್ತವೇ ಇಲ್ಲ ಎಂದು ಲೇಡಿ ಡಾಕ್ಟರು ಪೋರ್ಟ್ ವೈನ್ ಬರೆದುಕೊಟ್ಟಿದ್ದರು, ಊಟವಾದ ಮೇಲೆ ಎರಡು ಚಮಚ. ವೈನು ಎಂಬ ಮಾತು ಕಿವಿಗೆ ಬಿದ್ದರೆ ನರಸಮ್ಮನವರು ಬಾಟಲಿಯನ್ನು ಬಚ್ಚಲಿಗೆ ಸುರಿದು, ಮನೆಗೆ ಪುಣ್ಯಾಹ ಮಾಡಿಸಿ, ಮಗನ ಬಾಯಿಗೆ ಪಂಚಗವ್ಯ ಹಾಕುವವರು. ಅದಕ್ಕೇ ಗಂಡ ಸುಂದರೇಶ ಔಷಧಿ ಅಂಗಡಿಯಲ್ಲಿ ಇದ್ದುದರಲ್ಲಿ ಅಗ್ಗದ ಬಾಟಲಿ ಕೊಂಡು, ಲೇಬಲ್ಲಿನಲ್ಲಿ ಪೋರ್ಟ್ ವೈನ್ ಎಂದಿದ್ದ ಕೆಳಸಾಲನ್ನು ಉಗುರಿನಿಂದ ಕೆರೆದು, ವೈನಿನ ಜಾತಿ ಹೇಳುವ ಮೇಲಿನ ಒಂದೇ ಒಂದು ಪದವನ್ನು ಉಳಿಸಿ ತಂದಿದ್ದ.

"ಟಾನಿ ಅಂತಮ್ಮ," ಎಂದಿದ್ದ ತಾಯಿಗೆ.

"ಟಾನಿಕ್ಕಾ?"

"ಹೂಂ."

ಗಂಡ ಹೇಳಿದ ಸುಳ್ಳು ಬರೀ ಅರ್ಧ ಅಕ್ಷರದ್ದು ಎಂದು ಅಂಬುಜಾ ಸಮಾಧಾನ ಮಾಡಿಕೊಂಡಿದ್ದಳು. ಐದು ವರ್ಷದ ಮಗಳು ಕುಸುಮ ಬಾಟಲಿಗೆ ಕೈಹಾಕಿದಾಗ ಮಾತ್ರ ಗದರಿದ್ದಳು: "ಮುಟ್ಬೇಡ ಕಂದ, ಅದು ಪಾಪು ಹೆತ್ತೋರು ಕುಡಿಯೋದು."

ಈಗ ನೋಡಿದರೆ ನರಸಮ್ಮನವರು ನಡುಮನೆಯಲ್ಲಿ ಬಾಟಲಿಯ ಮುಂದೆ ಕೂತಿದ್ದಾರೆ. ಬಾಣಂತಿಯ ಬಾಯಿಗೆ ಹೋಗುವುದೆಲ್ಲ ಮೊದಲು ಅವರ ನಾಲಗೆಯನ್ನು ದಾಟಬೇಕು. ಉಷ್ಣವೋ, ಶೀತವೋ, ನಂಜೋ ಎಂದು ತೀರ್ಮಾನವಾಗದೆ ಆ ಮನೆಯಲ್ಲಿ ಒಂದು ಬೆಳ್ಳುಳ್ಳಿ ಎಸಳೂ ಸೊಸೆಯ ತಟ್ಟೆಗೆ ಬಿದ್ದದ್ದಿಲ್ಲ. ಕೂಸಿಗೆ ಔಷಧಿ ಹಾಕುವ ಒಳಲೆಯನ್ನು ತೊಳೆದು, ಬಾಟಲಿಯಿಂದ ತುಂಬಿಸಿ, ತುಟಿಗೆ ತಾಕದಂತೆ ಎತ್ತಿ ಬಾಯಿಗೆ ಸುರಿದುಕೊಂಡರು. ಕಣ್ಣು ಮುಚ್ಚಿದರು.

"ಏನತ್ತೆ?"

"ತಡಿಯೇ. ಬಣ್ಣ ನೋಡು, ಹುಣಸೆ ಹಾಕಿ ಉಜ್ಜದ ತಾಮ್ರದ ಚೊಂಬಿನ ಹಾಗಿದೆ. ಮೊದಲು ಖರ್ಜೂರ ಬಂತು. ಆಮೇಲೆ ಬೆಲ್ಲದ ಪಾಕ ಒಂಚೂರು ಸೀದ ಹಾಗೆ. ಈಗ ಎದೇಲಿ ಶುಂಠಿ... ಉಷ್ಣವೇ." ಚಪ್ಪರಿಸಿದರು. "ಆದ್ರೆ ಕೊನೇಲಿ ಒಗರು ಬಂತಲ್ಲ? ಒಗರು ಅಂದ್ರೆ ಶೀತ." ಎರಡನೆಯ ಒಳಲೆ ತುಂಬಿತು. ಅದರಲ್ಲೂ ಇತ್ಯರ್ಥವಾಗಲಿಲ್ಲ. ಕಾಂಪೌಂಡಿನಾಚೆಯ ಭಾಗ್ಯಮ್ಮನವರಿಗೆ ಕೂಗು ಹೋಯಿತು.

ಭಾಗ್ಯಮ್ಮ ಹೆಣ್ಣುಮಕ್ಕಳೆಲ್ಲರ ಬಾಣಂತನ ಮಾಡಿ ಪಳಗಿದವರು. ಸಾಲದ್ದಕ್ಕೆ ಇಂಗ್ಲಿಷ್ ಅಕ್ಷರ ಬಲ್ಲವರು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಬುಜಾ ಬಾಗಿಲುವಾಡ ಹಿಡಿದುಕೊಂಡಳು. ಈ ಸಲ ತಲೆಸುತ್ತಿಗಲ್ಲ.

"ಟಿ, ಎ, ಡಬ್ಲ್ಯು, ಎನ್, ವೈ. ಟಾನಿ." ಭಾಗ್ಯಮ್ಮ ಕನ್ನಡಕ ಮೇಲೇರಿಸಿದರು. "ಕೊನೇಲಿ ಕ್ ಬಿಟ್ಬುಟ್ಟಿದಾನೆ ಕಣ್ರೀ. ಅಗ್ಗದ ಮಾಲಲ್ವೇ, ಅಚ್ಚೂ ನೆಟ್ಟಗಿಲ್ಲ. ಕೆಳಗೆಲ್ಲ ಅಳಿಸಿಹೋಗಿದೆ."

ಅಂಬುಜಾ ಉಸಿರು ಬಿಟ್ಟಳು. ಭಾಗ್ಯಮ್ಮ ಒಳಲೆ ಎತ್ತಿದರು.

"ದ್ರಾಕ್ಷಿ ಗೊಜ್ಜು ಕಣ್ರೀ ಇದು! ಹುಣಸೆಹಣ್ಣು ಹಾಕೋದು ಮರೆತಿದಾರೆ ಅಷ್ಟೇ."

"ಗೊಜ್ಜಲ್ಲ, ಕಿತ್ತಳೆ ಸಿಪ್ಪೆ. ವಾಸನೆ ನೋಡಿ, ನಮ್ಮಜ್ಜಿ ಹಳೇ ಮರದ ಪೆಟ್ಟಿಗೆ ತೆಗೆದ ಹಾಗಿಲ್ವೇ?"

"ಹೌದು ಕಣ್ರೀ! ರೇಷನ್ ಸಕ್ಕರೆ ಕಾಲದಲ್ಲಿ ಇಷ್ಟು ಸಿಹಿ ಆ ಕಂಪೆನಿಯವನಿಗೆ ಎಲ್ಲಿ ಸಿಕ್ತೋ. ಅಗ್ಗದ್ದು ಅಂತ ತೆಗೆದುಹಾಕೋ ಹಾಗಿಲ್ಲ. ನಂಗೇನೋ ಶೀತ ಅನ್ಸುತ್ತೆ."

"ಉಷ್ಣ."

"ಶೀತ ಕಣ್ರೀ."

"ಹಾಗಾದ್ರೆ ಇನ್ನೊಂದು ಸಲ ನೋಡಿಬಿಡೋಣ."

ಬೆಳಗಿನ ಕಾಫಿಯ ಹೊರತು ಇಬ್ಬರ ಹೊಟ್ಟೆಗೂ ಬೇರೇನೂ ಬಿದ್ದಿರಲಿಲ್ಲ. ಬಾಟಲಿಯೊಳಗಿನ ಮಟ್ಟ ಲೇಬಲ್ಲಿಗಿಂತ ಕೆಳಗಿಳಿಯಿತು. ಎಂದೂ ಗೋಡೆಗೆ ಒರಗದ ನರಸಮ್ಮನವರು ಕಂಬಕ್ಕೆ ಒರಗಿದರು. ತಲೆಯ ಮೇಲಿನ ಸೆರಗು ಜಾರಿದ್ದು ಅವರಿಗೆ ತಿಳಿಯಲಿಲ್ಲ. ಭಾಗ್ಯಮ್ಮನವರು ತಮ್ಮ ಮದುವೆಯಲ್ಲಿ ಬೀಗರ ಮುಂಡಾಸು ಪಾಯಸದ ಕೊಳದಪ್ಪಲೆಗೆ ಬಿದ್ದದ್ದನ್ನು ನೆನೆದು, ಹೇಳಿ ಮುಗಿಸಲಾರದೆ ನಕ್ಕು, ಕಣ್ಣೊರೆಸಿಕೊಂಡರು. ಕುಸುಮ ಮಾತ್ರ ತೊಟ್ಟಿಲು ಇಣುಕಿದಳು, ಮಂಚದ ಕೆಳಗೆ ಬಗ್ಗಿದಳು, ಅಕ್ಕಿಯ ಡಬ್ಬದ ಹಿಂದೆ ನೋಡಿದಳು, ಓಡಿಹೋಗಿ ಭಾಗ್ಯಮ್ಮನವರ ಮನೆಯ ಕಿಟಕಿಗೂ ಮುಖವಿಟ್ಟು ಬಂದಳು.

"ಏನು ಹುಡುಕ್ತಿದೀಯೇ?" ಎಂದಳು ಅಂಬುಜಾ. ಮಗಳು ತಲೆಯಾಡಿಸಿ ಬಾಗಿಲ ಹಿಂದೆ ಇಣುಕಿದಳು.

ಅಂಬುಜಾ ಮೆಲ್ಲಗೆ ಚಮಚ ಮುಂದೆ ಚಾಚಿದಳು. "ಅತ್ತೆ, ನನಗೂ ಒಂದು ಚಮಚ..."

"ಮುಟ್ಟಕೂಡದು!" ನರಸಮ್ಮನವರು ಬಾಟಲಿಯನ್ನು ಮಡಿಲಿಗೆ ಎಳೆದುಕೊಂಡರು. "ನಂಜು ಹೌದೋ ಅಲ್ಲವೋ ಗೊತ್ತಾಗೋವರೆಗೂ ನೀನು ಮುಟ್ಟಕೂಡದು. ಹಸೀ ಬಾಣಂತಿ, ನಿನಗೆ ಏನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸಲಿ?" ಆ ಮಾತಿನಲ್ಲಿ ಅಕ್ಕರೆ ನಿಜವಾಗಿಯೂ ಇತ್ತು. ಕೈಯಲ್ಲಿ ಒಳಲೆಯೂ ಇತ್ತು.

ಕುಸುಮ ಬಂದು ಅಜ್ಜಿಯ ಎದುರು ನಿಂತಳು. ಮಡಿಲು ನೋಡಿದಳು. ಅಲ್ಲಿ ಬಾಟಲಿಯ ಹೊರತು ಏನೂ ಇರಲಿಲ್ಲ. ಭಾಗ್ಯಮ್ಮನವರ ಮಡಿಲು ನೋಡಿದಳು. ಅಲ್ಲಿ ಅದೂ ಇರಲಿಲ್ಲ.

"ಅಜ್ಜೀ," ಎಂದಳು, ಬೀದಿಗೂ ಕೇಳುವ ಹಾಗೆ, "ಅದು ಪಾಪು ಹೆತ್ತೋರು ಕುಡಿಯೋದಲ್ವಾ? ಮತ್ತೆ ನಿಮ್ಮಿಬ್ಬರ ಪಾಪು ಎಲ್ಲಿ?"