ಬುತ್ತಿಡಬ್ಬಿ

ಒಂದಾನೊಂದು ಊರಿನಲ್ಲಿ ಎಮ್ಮೆಯಷ್ಟು ಭಾರದ ಹಳೆಯ ವೆಲ್ಡಿಂಗ್ ಮಿಷನ್ನೂ, ಅದಕ್ಕಿಂತ ಭಾರದ ಜಂಬವಿದ್ದ ಅದರ ಮೇಸ್ತ್ರಿಯೂ ಇದ್ದರು. ಅಲ್ಲೊಂದು ಮನೆಯ ಮಹಡಿಗಿದ್ದ ಒಂದೇ ಕಬ್ಬಿಣದ ಏಣಿಯ ಬೆಸುಗೆ ಬಿಟ್ಟಿತ್ತು. ಸಂಜೆಯೊಳಗೆ ಸರಿಮಾಡಿಕೊಡುವೆನೆಂದು ಹೊಸದಾಗಿ ವೆಲ್ಡಿಂಗ್ ಕಲಿತ ಹುಡುಗಿಯೊಬ್ಬಳು ಮಾತು ಕೊಟ್ಟಿದ್ದಳು. ಅದು ಅವಳ ಮೊದಲ ಕೆಲಸ. ಹೆಗಲಿಗೆ ಪುಟ್ಟ ಇನ್ವರ್ಟರ್ ಮಿಷನ್ ನೇತುಹಾಕಿಕೊಂಡು ಬಂದರೆ, ಹೆಣ್ಣನ್ನು ನಂಬದ ಮನೆಯೊಡೆಯ ಮೇಸ್ತ್ರಿಯನ್ನೂ ಕರೆಸಿದ್ದ.

“ಏನವ್ವಾ, ಬುತ್ತಿ ತಂದ್ಯಾ?” ಎಂದ ಮೇಸ್ತ್ರಿ.

“ವೆಲ್ಡಿಂಗ್ ಮಿಷನ್ನು, ಮೇಸ್ತ್ರಿಗಳೇ.”

“ಥೂ! ಇದ್ರಲ್ಲಿ ಸಾರು ಬಿಸಿಯಾದ್ರೆ ನಿನ್ ಪುಣ್ಯ. ಪಕ್ಕಕ್ಕೆ ನಿಂತು ನೋಡು. ಮೇಲಿನ ಮೆಟ್ಲಿಂದ ಶುರುಮಾಡಿ ಕೆಳಕ್ಕಿಳಿಯೋದು ನಮ್ಮ ಪದ್ಧತಿ.”

“ನಿಮ್ ಮಿಷನ್ ಭಾರ ಈ ಮೆಟ್ಲು ತಡೆಯಲ್ಲ.”

“ನೀನು ನಂಗೆ ಹೇಳ್ಕೊಡ್ತೀಯಾ?”

ಅವನು ಮಹಡಿ ಹತ್ತಿ, ಹಗ್ಗ ಬಿಗಿದು ತನ್ನ ಮಿಷನ್ನನ್ನು ಮೆಟ್ಟಿಲುಗಳ ಮೇಲೆಯೇ ಎಳೆದ. ಅರ್ಧ ದಾರಿಗೆ ಬಂದ ಎಮ್ಮೆ ಏಳು ಮೆಟ್ಟಿಲುಗಳನ್ನು ಕಿತ್ತುಕೊಂಡು ಅಂಗಳಕ್ಕುರುಳಿತು. ಮೇಸ್ತ್ರಿ ಮೇಲೆಯೇ ಉಳಿದ.

ಅವಳು ಬಿದ್ದ ಮೆಟ್ಟಿಲುಗಳನ್ನು ಆರಿಸಿಕೊಂಡಳು. ಅಡುಗೆಮನೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ, ಕೆಳಗಿನಿಂದ ಒಂದೊಂದೇ ಮೆಟ್ಟಿಲನ್ನು ಬೆಸೆಯುತ್ತ ಹತ್ತಿದಳು. ಹೊತ್ತು ಮುಳುಗುವ ಮುನ್ನ ಕೊನೆಯ ಮೆಟ್ಟಿಲೂ ಮುಗಿಯಿತು. ಅವಳು ಪುಟ್ಟ ಮಿಷನ್ನನ್ನು ಆ ಮೆಟ್ಟಿಲ ಮೇಲಿಟ್ಟು ಮುಖವಾಡ ಸರಿಸಿದಳು.

“ನಿಧಾನಕ್ಕೆ ಇಳೀರಿ ಮೇಸ್ತ್ರಿಗಳೇ, ಬುತ್ತಿಡಬ್ಬಿ ತುಳಿದುಬಿಟ್ಟೀರಿ.”